ಹಾರಿಕಾ ಓದಿದ ಕಾಲೇಜು

ಸುಷಮಾ ಹದಿನೈದು ವರ್ಷಗಳಿಂದ ಆದೋನಿಯ ಸರಕಾರಿ ಜೂನಿಯರ್ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಆದರೂ ಮಗಳು ಹರಿಪ್ರಿಯಾ ಹತ್ತನೇ ತರಗತಿ ಮುಗಿಸಿದಾಗ ಅವಳನ್ನು ತನ್ನ ಕಾಲೇಜಿಗೆ ಸೇರಿಸಲಿಲ್ಲ. ಯಾಕೆಂದು ಸ್ಟಾಫ್ ರೂಮಿನಲ್ಲಿ ಯಾರೂ ಕೇಳಲಿಲ್ಲ. ಕೇಳುವ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ. ಪ್ರಿನ್ಸಿಪಾಲ್ ದಸ್ತಗಿರಿ ಅವರ ಮಗನೇ ಹೈದರಾಬಾದಿನ ಯಾವುದೋ ಕಾಲೇಜಿನ ಹಾಸ್ಟೆಲಿನಲ್ಲಿದ್ದ. ಕೆಮಿಸ್ಟ್ರಿಯವರ ಇಬ್ಬರು ಮಕ್ಕಳೂ ಕರ್ನೂಲಿನಲ್ಲಿದ್ದರು.

ಹರಿಪ್ರಿಯಾ ಸೇರಿದ್ದು ಮೇಧಾಂಕುರವೆಂಬ ಖಾಸಗಿ ಕಾಲೇಜಿಗೆ. ಎಮ್ಮಿಗನೂರು ರಸ್ತೆಯಲ್ಲಿ, ಮೊದಲು ಹತ್ತಿಯ ಗೋದಾಮು ಇದ್ದ ಜಾಗದಲ್ಲಿ ಎದ್ದಿದ್ದ ನಾಲ್ಕು ಅಂತಸ್ತಿನ ಕಟ್ಟಡ ಅದು. ನೀಲಿ ಟೈ. ಬೆಳಿಗ್ಗೆ ಆರೂವರೆಗೆ ಬೀದಿಯ ಕೊನೆಗೆ ಬಸ್ಸು ಬಂದರೆ ಮಗಳು ಮನೆಗೆ ಮರಳುವಷ್ಟರಲ್ಲಿ ಸಂಜೆ ಏಳೂವರೆ. ಮಾರ್ಕೆಟ್ ಯಾರ್ಡಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಗಂಡ ವಾಸುದೇವನಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ.

"ನಿನ್ನ ಕಾಲೇಜಿನಾಗ ಫ್ಯಾನು ಸರಿ ಇದ್ದ ದಿನ ಕರೆಂಟ್ ಇರೂದಿಲ್ಲ. ನಾಳೆ ನಾಲ್ಕು ಮಂದಿ ಕೇಳಿದ್ರ ಹೇಳಲಿಕ್ಕೆ ಒಂದು ಹೆಸರಾದ್ರೂ ಬ್ಯಾಡೇನು?" ಎಂದಿದ್ದ.

ಸುಷಮಾ ವಾದಿಸಲಿಲ್ಲ. ಗಂಡ ಹೇಳಿದನೆಂದು ಒಪ್ಪಿದ್ದೂ ಅಲ್ಲ. ಹೆಸರೆಂದರೇನೆಂದು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅವಳು ಬಿ.ಎಸ್ಸಿ. ಓದಿದ್ದು ಆದೋನಿಯಲ್ಲೇ. ಎಂ.ಎಸ್ಸಿ. ಮಾಡಿದ್ದು ಮದುವೆಯಾದ ಮೇಲೆ, ಅಂಚೆಯಲ್ಲಿ ಬರುತ್ತಿದ್ದ ಪುಸ್ತಕಗಳನ್ನು ಒಲೆಯ ಮುಂದೆ ಇಟ್ಟುಕೊಂಡು. ಹರಿಪ್ರಿಯಾ ಹೊಟ್ಟೆಯಲ್ಲಿದ್ದಾಗ ಕೊನೆಯ ಪರೀಕ್ಷೆ ಬರೆದಳು. ಮುಂದೆ ಒಂದು ಕಾಯಂ ಹುದ್ದೆಯ ಸಂದರ್ಶನಕ್ಕೆ ಹೋದಾಗ ಮೇಜಿನಾಚೆ ಕುಳಿತವರು ಅಂಕಪಟ್ಟಿ ನೋಡಿ ಮೊದಲು ಹುಬ್ಬೇರಿಸಿದರು. ಆಮೇಲೆ "ರೆಗ್ಯುಲರಾ, ಡಿಸ್ಟೆನ್ಸಾ?" ಎಂದು ಕೇಳಿದರು. ಡಿಸ್ಟೆನ್ಸ್ ಎಂದಳು. ಅವರು ಫೈಲನ್ನು ಮುಚ್ಚಿ ಎಡಗಡೆಯ ರಾಶಿಯ ಮೇಲಿಟ್ಟು, ಬಿಸಿಲು ಬಹಳ ಇದೆ, ನೀರು ಕುಡಿದು ಹೋಗಿರಮ್ಮ ಎಂದರು. ಭೌತಶಾಸ್ತ್ರದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದಿನಿಂದ ಅವಳು ಗೆಸ್ಟ್ ಲೆಕ್ಚರರ್. ಪ್ರತಿ ಜೂನ್ ತಿಂಗಳಲ್ಲೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಮಕ್ಕಳು ಸಾಕಷ್ಟು ಸೇರಿದರೆ ಇವಳಿಗೆ ಪಾಠ, ಇಲ್ಲದಿದ್ದರೆ ಇಲ್ಲ.

ಹರಿಪ್ರಿಯಾ ನೀಲಿ ಟೈ ಕಟ್ಟಿಕೊಂಡ ಜೂನ್ ತಿಂಗಳಲ್ಲೇ ಚಿಪ್ಪಗಿರಿ ಕಡೆಯಿಂದ ಸುಂಕಪ್ಪನೆಂಬ ಕುರಿ ಸಾಕುವವನೊಬ್ಬ ಮಗಳನ್ನು ಕರೆದುಕೊಂಡು ಸುಷಮಾಳ ಕಾಲೇಜಿಗೆ ಬಂದ. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿದ ಅಂಕಪಟ್ಟಿ. ಅಷ್ಟು ಒಳ್ಳೆಯ ಅಂಕ ಬಂದಿದೆ, ಈ ಕಾಲೇಜನ್ನೇ ಯಾಕೆ ಆರಿಸಿಕೊಂಡಿರಿ ಎಂದು ಸುಷಮಾ ಕುತೂಹಲಕ್ಕೆ ಕೇಳಿದಳು.

"ನಮ್ಮೂರ ಕಡೀ ಬಸ್ಸು ನಿಮ್ಮ ಗೇಟಿನ ಮುಂದ ನಿಲ್ತೈತ್ರಿ ಮೇಡಂ. ಅದಕ್ಕ ಬಂದೀನಿ" ಎಂದ ಸುಂಕಪ್ಪ.

ಆ ಹುಡುಗಿಯೇ ಹಾರಿಕಾ. ಊರಿನಿಂದ ಮುಖ್ಯರಸ್ತೆಯವರೆಗೆ ಷೇರ್ ಆಟೋ, ಅಲ್ಲಿಂದ ಬಸ್ಸು, ಹೋಗಿ ಬರುವುದಕ್ಕೆ ದಿನಕ್ಕೆ ಮೂರು ತಾಸು. ಮೊದಲ ಎರಡು ತಿಂಗಳು ಬಾಯಿ ತೆರೆಯಲಿಲ್ಲ. ಒಂದು ದಿನ ಸುಷಮಾ ಇಳಿಜಾರಿನ ಮೇಲೆ ಜಾರುವ ವಸ್ತುವಿನ ಲೆಕ್ಕ ಹೇಳಿ ಸೀಮೆಸುಣ್ಣ ಕೆಳಗಿಡುತ್ತಿದ್ದಂತೆ ಕೊನೆಯ ಬೆಂಚಿನಿಂದ ಎದ್ದು ನಿಂತಳು.

"ಮೇಡಂ, ಮಳಿ ಬಂದ ಮ್ಯಾಲ ಕುರಿ ಗುಡ್ಡ ಇಳಿಯೋ ಮುಂದ ನೆಟ್ಟಗ ಇಳಿಯಂಗಿಲ್ರಿ. ಅಡ್ಡಡ್ಡ ಸುತ್ತಿ ಇಳೀತಾವು. ಅದೂ ಇದೇ ಏನ್ರಿ?"

ತರಗತಿ ನಕ್ಕಿತು. ಸುಷಮಾ ನಗಲಿಲ್ಲ. ಒರೆಸಿದ್ದ ಬೋರ್ಡಿನ ಮೇಲೆ ಮತ್ತೆ ಗುಡ್ಡ ಬರೆದು, ಕುರಿ ಬರೆದು, ಬೆಲ್ ಹೊಡೆದರೂ ಬಿಡದೆ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಆ ಸಂಜೆ ಕಾಲು ನೋವಿಲ್ಲದೆ ಮನೆಗೆ ನಡೆದಳು.

ಆಮೇಲೆ ಅವಳು ಒಂದು ಕೆಲಸ ಮಾಡತೊಡಗಿದಳು. ಮೇಧಾಂಕುರದವರು ಕೊಡುತ್ತಿದ್ದ ದಪ್ಪ ದಪ್ಪ ಪುಸ್ತಕಗಳನ್ನು ಭಾನುವಾರ ಮಗಳ ಬ್ಯಾಗಿನಿಂದ ತೆಗೆದು, ಝೆರಾಕ್ಸ್ ಮಾಡಿಸಿ, ಸೋಮವಾರ ಹಾರಿಕಾಳಿಗೆ ಕೊಡುವುದು. ಹರಿಪ್ರಿಯಾಳಿಗೆ ಇದು ಗೊತ್ತಿತ್ತು. ಕೆಲವು ತಿಂಗಳಾದ ಮೇಲೆ ಭಾನುವಾರ ಬೆಳಿಗ್ಗೆ ಪುಸ್ತಕ ತಾನಾಗಿಯೇ ಊಟದ ಮೇಜಿನ ಮೇಲೆ ಬಂದಿರುತ್ತಿತ್ತು. ಮಗಳು ಮಾತ್ರ ದಿನದಿಂದ ದಿನಕ್ಕೆ ಬಿಳಚಿಕೊಳ್ಳುತ್ತಿದ್ದಳು. ತಟ್ಟೆಯ ಮುಂದೆ ಕುಳಿತಲ್ಲೇ ತೂಕಡಿಸುತ್ತಿದ್ದಳು. ಮೇಧಾಂಕುರದಲ್ಲಿ ಮೂರು ತಿಂಗಳಿಗೊಮ್ಮೆ ಅಂಕ ನೋಡಿ ಬ್ಯಾಚು ಬದಲಿಸುತ್ತಿದ್ದರು. ಎ ಬ್ಯಾಚಿನಲ್ಲಿ ಸೇರಿದ ಹರಿಪ್ರಿಯಾ ವರ್ಷ ತುಂಬುವುದರೊಳಗೆ ಸಿ ಬ್ಯಾಚಿಗೆ ಬಂದಿದ್ದಳು. ಊರೂರಿನಿಂದ ಕರೆಸಿದ ಹೆಸರಾಂತ ಲೆಕ್ಚರರುಗಳೆಲ್ಲ ಎ ಬ್ಯಾಚಿಗೆ ಮಾತ್ರ. ಸಿ ಬ್ಯಾಚಿಗೆ ಯಾರು ಬರುತ್ತಾರೆಂದು ಸುಷಮಾ ಕೇಳಿದ್ದುಂಟು. "ಯಾರೋ ಬರ್ತಾರ ಅಮ್ಮ" ಎಂದು ಮಗಳು ಮಗ್ಗುಲು ಬದಲಿಸಿದ್ದಳು.

ಎರಡು ವರ್ಷ ಹೀಗೆ ಕಳೆದವು. ಹನ್ನೆರಡನೆಯ ತರಗತಿಯ, ಅಂದರೆ ಇಂಟರ್ ಪರೀಕ್ಷೆಯ ಫಲಿತಾಂಶ ಬಂತು. ಹಾರಿಕಾಳಿಗೆ ಸಾವಿರಕ್ಕೆ ಒಂಬೈನೂರ ಎಂಬತ್ತಮೂರು. ಹರಿಪ್ರಿಯಾಳಿಗೆ ಎಂಟುನೂರ ಎಪ್ಪತ್ತು. ಜೂನ್ ತಿಂಗಳಲ್ಲಿ ನೀಟ್ ಫಲಿತಾಂಶವೂ ಬಂದಾಗ ಹಾರಿಕಾಳಿಗೆ ಸರಕಾರಿ ಮೆಡಿಕಲ್ ಸೀಟು ಖಾತ್ರಿ ಎಂದು ಎಲ್ಲರೂ ಹೇಳಿದರು. ಹರಿಪ್ರಿಯಾಳ ರ‍್ಯಾಂಕು ಎಲ್ಲಿಗೂ ಮುಟ್ಟುವಂತಿರಲಿಲ್ಲ. ಅವಳು ಅಳಲಿಲ್ಲ. ಎರಡು ದಿನ ಮಲಗಿಯೇ ಇದ್ದಳು. ವಾಸುದೇವ ಯಾರ ಫೋನನ್ನೂ ಎತ್ತಲಿಲ್ಲ.

ಅದಾದ ಮೊದಲ ಭಾನುವಾರ ಮಧ್ಯಾಹ್ನ ಸುಂಕಪ್ಪ ಮಗಳ ಜೊತೆ ಸುಷಮಾಳ ಮನೆಗೆ ಬಂದ. ವಾಸುದೇವ ಊರಲ್ಲಿರಲಿಲ್ಲ. ಪೇಡೆಯ ಡಬ್ಬಿ ತಂದಿದ್ದರು. ಅವರ ಹಿಂದೆಯೇ ಇಸ್ತ್ರಿಯ ಅಂಗಿ ತೊಟ್ಟ ಹನುಮಂತು ಒಳಗೆ ಬಂದಾಗ ಸುಷಮಾಳಿಗೆ ಆಶ್ಚರ್ಯವಾಯಿತು. ಹನುಮಂತು ಬಿ.ಎಸ್ಸಿ.ಯಲ್ಲಿ ಅವಳ ಸಹಪಾಠಿ. ಕೆಲವು ಕಾಲ ಝೂವಾಲಜಿ ಪಾಠ ಮಾಡಿಕೊಂಡಿದ್ದವನು ಈಗ ಮೇಧಾಂಕುರದ ಪ್ರಚಾರ ನೋಡಿಕೊಳ್ಳುವ ಪಿ.ಆರ್.ಓ. ಆಗಿದ್ದ.

"ನಾನು ಮೂರು ಸಲ ಇವರ ಊರಿಗೆ ಹೋಗಿ ಬಂದೆ ಸುಷಮಾ. ನಮ್ಮ ಮೇಡಂ ಹೂಂ ಅನ್ನದ ಹೊರತು ಆಗಂಗಿಲ್ಲ ಅಂತ ತಂದಿ ಮಗಳು ಹಟ ಹಿಡದಾರ" ಎಂದು ನಗುತ್ತ ಕುರ್ಚಿ ಎಳೆದುಕೊಂಡ.

"ಏನದ ಹೂಂ ಅನ್ನೂದು?"

"ಒಂದು ಫೋಟೋ, ಒಂದು ಸಣ್ಣ ವಿಡಿಯೋ. ಈಕಿ ಮೇಧಾಂಕುರದ ಸ್ಟೂಡೆಂಟ್ ಅಂತ."

"ಈಕಿ ನಿಮ್ಮ ಸ್ಟೂಡೆಂಟ್ ಯಾವಾಗ ಆದ್ಲು?"

"ಎರಡು ಭಾನುವಾರ ನಮ್ಮಲ್ಲಿ ಬಂದು ಮಾಕ್ ಟೆಸ್ಟ್ ಬರದಾಳ. ರಿಜಿಸ್ಟರಿನಾಗ ಸೈನ್ ಐತಿ. ಅಬದ್ಧಂ ಕಾದು ಕದಾ, ಸುಳ್ಳಂತೂ ಅಲ್ಲ."

"ಎರಡು ಟೆಸ್ಟು, ಎರಡು ವರ್ಷ ಆಗ್ತಾವೇನು?"

"ಎಷ್ಟು ದಿನ ಓದಿದ್ಲು ಅಂತ ಫ್ಲೆಕ್ಸಿನಾಗ ಯಾರೂ ಬರಿಯಂಗಿಲ್ಲಲ್ಲ" ಎಂದ ಹನುಮಂತು. ಅವನ ದನಿಯಲ್ಲಿ ನಾಚಿಕೆಯಾಗಲಿ ಗರ್ವವಾಗಲಿ ಇರಲಿಲ್ಲ. ಬಿಸಿಲಲ್ಲಿ ಸುತ್ತಿ ಸುತ್ತಿ ಬೇಸತ್ತಿದ್ದವನ ದನಿ ಅದು. "ಈ ವರ್ಷ ನಮ್ಮಲ್ಲಿ ಹೇಳಿಕೊಳ್ಳುವಂಥ ರ‍್ಯಾಂಕ್ ಒಂದೂ ಬಂದಿಲ್ಲ ತಾಯಿ. ನನ್ನ ಕೆಲಸನೂ ಇದರ ಮ್ಯಾಲೇ ಐತಿ."

ಸುಂಕಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಕುರ್ಚಿ ತೋರಿಸಿದರೂ ಏಳಲಿಲ್ಲ.

"ಓದಿನ ಮಾತು ನನಗ ತಿಳಿಯಂಗಿಲ್ರಿ ಮೇಡಂ. ಸಣ್ಣಾಕಿ ನಾಗಜ್ಯೋತಿದು ಟೆಂತ್ ಆಗೈತಿ. ಆಕೀಗೆ ಎರಡು ವರ್ಷ ಓದು, ಊಟ, ಹಾಸ್ಟೆಲು ಎಲ್ಲಾ ಪುಕ್ಕಟಾ ಕೊಡ್ತೀವಿ ಅಂತಾರ. ನೀವು ಹೂಂ ಅಂದ್ರ ಹೂಂ. ಬ್ಯಾಡ ಅಂದ್ರ ಈಗಿಂದೀಗ ಎದ್ದು ಹೋಗ್ತೀವಿ."

"ನಾ ಅಲ್ಲಿ ಓದಿಲ್ರಿ" ಎಂದಳು ಹಾರಿಕಾ. ಅಷ್ಟೇ ಅಂದು ಸುಷಮಾಳ ಮುಖವನ್ನೇ ನೋಡುತ್ತ ನಿಂತಳು.

ನಾಗಜ್ಯೋತಿಯೂ ನಮ್ಮಲ್ಲಿಗೇ ಬರಲಿ, ಅಕ್ಕನಿಗೆ ಹೇಳಿಕೊಟ್ಟ ಹಾಗೆ ಅವಳಿಗೂ ಹೇಳಿಕೊಡುತ್ತೇನೆ. ಈ ಮಾತು ಸುಷಮಾಳ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಒಳಗಿನ ಕೋಣೆಯಲ್ಲಿ ಹರಿಪ್ರಿಯಾ ಎಚ್ಚರವಾಗಿಯೇ ಇದ್ದಳು. ತನ್ನ ಮಗಳಿಗೆ ಎರಡು ವರ್ಷದ ಹಿಂದೆ ಹೇಳಲಾಗದ ಮಾತನ್ನು ಇನ್ನೊಬ್ಬರ ಮಗಳಿಗೆ ಯಾವ ಬಾಯಿಂದ ಹೇಳುವುದು? ಆ ಚಿಕ್ಕ ಹುಡುಗಿ ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ನಿಂತು ಬರುವುದನ್ನು ನೆನೆದಳು. ಮುಂದಿನ ವರ್ಷ ತಾನೇ ಆ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬುದನ್ನೂ ನೆನೆದಳು.

"ಮಾಡಿಬಿಡು ಹಾರಿಕಾ. ತಂಗೀಗೆ ಒಳ್ಳೇದಾಗ್ತದ" ಎಂದಳು.

ಹಾರಿಕಾ ಕಣ್ಣು ಕೆಳಗೆ ಮಾಡಿದಳು. ಸುಂಕಪ್ಪ ಎರಡೂ ಕೈ ಎತ್ತಿ ಮುಗಿದ. ಹನುಮಂತು ಆಗಲೇ ಫೋನು ತೆಗೆದು, ಬಿಳಿ ಗೋಡೆಯ ಮುಂದೆ ನಿಲ್ಲು ಎಂದವನು ಚೀಲದಲ್ಲಿ ಕೈಯಾಡಿಸಿ ನಾಲಿಗೆ ಕಚ್ಚಿಕೊಂಡ. ಟೈ ತರುವುದನ್ನು ಮರೆತಿದ್ದ. ಅವನು ಆ ಕಡೆ ಈ ಕಡೆ ನೋಡುತ್ತಿರುವಾಗಲೇ ಒಳಗಿನ ಬಾಗಿಲು ತೆರೆಯಿತು. ಕೆದರಿದ ಕೂದಲಿನ ಹರಿಪ್ರಿಯಾ ಕೈಯಲ್ಲಿ ತನ್ನ ನೀಲಿ ಟೈ ಹಿಡಿದು ಹೊರಗೆ ಬಂದಳು.

ಹಾರಿಕಾ ಅದನ್ನು ಇಸಿದುಕೊಂಡು ಕೊರಳಿಗೆ ಸುತ್ತಿ ಗಂಟು ಹಾಕಲು ನೋಡಿದಳು. ಬರಲಿಲ್ಲ.

"ನಿಲ್ಲು, ಹಂಗಲ್ಲ ಅದು" ಎಂದು ಹರಿಪ್ರಿಯಾ ಹತ್ತಿರ ಹೋದಳು. ಇಬ್ಬರದೂ ಒಂದೇ ಎತ್ತರ. ಕಾಲರ್ ಎತ್ತಿ, ಟೈ ಸುತ್ತಿ, ಗಂಟನ್ನು ಮೇಲಕ್ಕೆ ಸರಿಸಿ, ಭುಜದ ಮೇಲಿನ ದಾರದ ಎಳೆಯೊಂದನ್ನು ತೆಗೆದು ಹಿಂದೆ ಸರಿದಳು. "ಹೂಂ, ಈಗ ತಗೋರಿ ಸರ್" ಎಂದು ಒಳಗೆ ಹೋದಳು.

ವಾರದೊಳಗೆ ಬಸ್ ಸ್ಟ್ಯಾಂಡಿನಲ್ಲಿ, ಜಿನ್ನಿಂಗ್ ಮಿಲ್ಲಿನ ಮೂಲೆಯಲ್ಲಿ, ಎಮ್ಮಿಗನೂರು ರಸ್ತೆಯುದ್ದಕ್ಕೂ ಹಾರಿಕಾಳ ಮುಖ ಎದ್ದಿತು. ಒಂದೊಂದು ಫ್ಲೆಕ್ಸೂ ಮಾಳಿಗೆಯಷ್ಟು ಎತ್ತರ. ಫೋಟೋದಲ್ಲಿ ಅವಳ ಬಣ್ಣವನ್ನು ತುಸು ತಿಳಿ ಮಾಡಿದ್ದರು. ಕೆಳಗೆ ಅಂಚೆಚೀಟಿಯಷ್ಟು ಚಿಕ್ಕದಾಗಿ ಇನ್ನೂ ನಲವತ್ತು ಮುಖಗಳಿದ್ದವು. ಅವುಗಳಲ್ಲಿ ಹರಿಪ್ರಿಯಾ ಇರಲಿಲ್ಲ. ಅವಳ ಟೈ ಮಾತ್ರ ಇತ್ತು.

ಸುಷಮಾ ಸರಕಾರಿ ಕಾಲೇಜಿಗೆ ಹೋದಾಗ ದಸ್ತಗಿರಿ ಅವರ ಮೇಜಿನ ಮೇಲೆ ಒಂದು ಸಣ್ಣ ಬ್ಯಾನರು ಸುರುಳಿ ಸುತ್ತಿ ಬಿದ್ದಿತ್ತು. ಅದರಲ್ಲೂ ಹಾರಿಕಾಳೇ ಇದ್ದಳು, ಈ ಕಾಲೇಜಿನ ಯೂನಿಫಾರ್ಮಿನಲ್ಲಿ. ಗೇಟಿಗೆ ಕಟ್ಟಲೆಂದು ಅವರೇ ಮಾಡಿಸಿದ್ದರು.

"ಈಗ ಇದನ್ನ ಕಟ್ಟಿದ್ರ ನಾವೇ ಸುಳ್ಳು ಹೇಳ್ದಂಗ ಆಗ್ತದ. ಹಿಂಗ ಮಾಡು ಅಂತ ಯಾರು ಹೇಳಿಕೊಟ್ರೋ ಆ ಹುಡುಗೀಗೆ" ಎಂದರು.

"ನಾನೇ ಸರ್" ಎಂದಳು ಸುಷಮಾ.

ದಸ್ತಗಿರಿ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬ್ಯಾನರನ್ನು ಬೀರುವಿನ ಮೇಲೆ ಎಸೆದು, "ಛೋಡೋ ಅಮ್ಮ, ಇರಲಿ. ನಾಳೆ ಸಿ. ಬೆಳಗಲ್ ಕಡೀ ಹೋಗಬೇಕು. ಪಾಂಪ್ಲೆಟ್ ತಗೋರಿ" ಎಂದರು.

ಕಾಲೇಜಿಗೆ ಮಕ್ಕಳನ್ನು ಸೇರಿಸಲು ಊರೂರು ತಿರುಗುವ ಕಾಲ ಅದು. ಹಿಂದಿನ ವರ್ಷ ಸುಷಮಾ ಪಾಠ ಮಾಡುತ್ತಿದ್ದ ಜೀವಶಾಸ್ತ್ರದ ವಿಭಾಗಕ್ಕೆ ನಲವತ್ತೊಂದು ಮಕ್ಕಳು ಬಂದಿದ್ದರು. ಈ ವರ್ಷ ಜುಲೈ ಬಂದರೂ ಹತ್ತೊಂಬತ್ತು. ಹತ್ತಿರದ ಊರುಗಳನ್ನೆಲ್ಲ ಉಳಿದವರು ಹಂಚಿಕೊಂಡಿದ್ದರು. ಮರುದಿನ ಸುಷಮಾ ಮತ್ತು ದಸ್ತಗಿರಿ ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ಸಿ. ಬೆಳಗಲ್‌ನಲ್ಲಿ ಇಳಿದಾಗ ಹನ್ನೊಂದು ಗಂಟೆ. ಹೊಲದ ಕೆಲಸಕ್ಕೆ ಹೋದವರ ಮನೆಗಳಿಗೆಲ್ಲ ಬೀಗ. ತೆರೆದಿದ್ದ ಬಾಗಿಲುಗಳಲ್ಲಿ ನಿಂತು ಹೇಳಿದ್ದನ್ನೇ ಹೇಳಿದರು. ಕಾಲೇಜಿನಲ್ಲಿ ಲ್ಯಾಬು ಇದೆ, ಹಾಸ್ಟೆಲಿಗೆ ಬರೆದುಕೊಡುತ್ತೇವೆ, ಪುಸ್ತಕ ಕೊಡುತ್ತಾರೆ. ಜನ ಮರ್ಯಾದೆಯಿಂದ ನೀರು ಕೊಟ್ಟರು, ಪಾಂಪ್ಲೆಟ್ಟು ಇಸಿದುಕೊಂಡರು. ಮೂರನೇ ಓಣಿಗೆ ಬರುವಷ್ಟರಲ್ಲಿ ದಸ್ತಗಿರಿ ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮುಂದಿನ ಮನೆಗೆ ಸುಷಮಾ ಒಬ್ಬಳೇ ಹೋದಳು.

ಅದು ವೀರಬಸಮ್ಮನೆಂಬ ಕೂಲಿಯ ಹೆಂಗಸಿನ ಮನೆ. ಜ್ವರ ಬಂದು ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಮಗಳಿಗೆ ಹತ್ತನೇ ತರಗತಿಯಲ್ಲಿ ಆರುನೂರಕ್ಕೆ ಐನೂರ ನಲವತ್ತು. ಸುಷಮಾ ಮಾತು ಮುಗಿಸುವ ಮೊದಲೇ ವೀರಬಸಮ್ಮ ಒಳಗೆ ಹೋಗಿ ಅಕ್ಕಿಯ ಡಬ್ಬದ ಕೆಳಗಿನಿಂದ ಹೊಳೆಯುವ ಕಾಗದವೊಂದನ್ನು ತಂದು ಬಿಚ್ಚಿದಳು. ನೀಲಿ ಟೈ ಕಟ್ಟಿದ ಹಾರಿಕಾ.

"ಈಕಿ ಓದಿದ ಕಾಲೇಜಿಗೇ ಹಾಕ್ತೀನ್ರಿ ನನ್ನ ಮಗಳನ್ನ. ಕುರಿ ಕಾಯೋರ ಮಗಳಂತ, ಡಾಕ್ಟರ್ ಆಗ್ತಾಳಂತ. ನೋಡ್ರಿ."

"ಈಕಿ ನಮ್ಮ ಕಾಲೇಜಿನಾಗ ಓದಿದಾಕಿ. ನಾನೇ ಪಾಠ ಮಾಡೀನಿ."

ವೀರಬಸಮ್ಮ ಕನಿಕರದಿಂದ ನಕ್ಕಳು. "ಎಲ್ಲಾರೂ ಹಂಗೇ ಅಂತಾರ ಮೇಡಂ. ಮೊನ್ನೆ ಬ್ಯಾರೆ ಕಾಲೇಜಿನೋರು ಬಂದಿದ್ರು, ಅವರೂ ನಮ್ಮಲ್ಲೇ ಓದಿದ್ಲು ಅಂದ್ರು."

ಸುಷಮಾಳ ಚೀಲದಲ್ಲಿ ಫೋನಿತ್ತು. ಒಂದು ಸಲ ಒತ್ತಿದರೆ ಹಾರಿಕಾ ಮಾತಾಡುತ್ತಾಳೆ, ನಿಜವನ್ನೇ ಹೇಳುತ್ತಾಳೆ. ಆದರೆ ನಾಗಜ್ಯೋತಿ ಹಾಸ್ಟೆಲ್ ಸೇರಿ ಇನ್ನೂ ಹತ್ತು ದಿನವಾಗಿರಲಿಲ್ಲ. ಸುಷಮಾ ಫೋನು ತೆಗೆಯಲಿಲ್ಲ. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಹುಡುಗಿಯೇ ಕೇಳಿದಳು.

"ಮೇಡಂ, ನಿಮ್ಮ ಮಕ್ಕಳು ಎಲ್ಲಿ ಓದ್ಯಾರ್ರಿ?"

ಏನು ಬೇಕಾದರೂ ಹೇಳಬಹುದಿತ್ತು. ಈ ಊರಲ್ಲಿ ಯಾರಿಗೆ ಗೊತ್ತಾಗಬೇಕು. ಆದರೆ ಕಾಲು ಸೋತಿದ್ದವು. ಸುಳ್ಳನ್ನು ಹೊತ್ತು ಮತ್ತೆ ನಡೆಯುವುದಕ್ಕೆ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕುಳಿತಳು.

"ನನ್ನ ಮಗಳು ಮೇಧಾಂಕುರದಾಗ ಓದಿದ್ಲವ್ವ. ಎರಡು ವರ್ಷ. ಆಕೀಗೆ ಸೀಟು ಬರಲಿಲ್ಲ. ಈ ಹಾರಿಕಾ ನಮ್ಮ ಕಾಲೇಜಿಗೆ ಬಂದ್ಲು, ಆಕೀಗೆ ಬಂತು. ಈ ಫೋಟೋದಾಗಿನ ಟೈ ನನ್ನ ಮಗಳದು. ಫೋಟೋ ತೆಗಿಸ್ಕೋ ಅಂತ ನಾನೇ ಹೇಳಿದ್ದೆ. ಖರೆ ಇಷ್ಟೇ ಅದ. ಇದನ್ನ ನಾನು ಹೇಳಿದೆ ಅಂತ ಯಾರ ಮುಂದೂ ಅನಬ್ಯಾಡ್ರಿ."

ವೀರಬಸಮ್ಮ ಕಾಗದವನ್ನು ಒಮ್ಮೆ ನೋಡಿದಳು, ಸುಷಮಾಳನ್ನು ಒಮ್ಮೆ ನೋಡಿದಳು. ನಂಬಿದಳೆಂದು ಅವಳ ಮುಖವೇ ಹೇಳುತ್ತಿತ್ತು. ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿದಳು.

"ನೀವು ಖರೆ ಹೇಳಿದ್ರಿ ಮೇಡಂ. ಆದ್ರೂ ನೀವು ಕಲ್ತೋರು, ಅದರಾಗ ಟೀಚರು. ನೀವೇ ನಿಮ್ಮ ಮಗಳನ್ನ ಅಲ್ಲಿಗೆ ಹಾಕಿದ್ರಿ ಅಂದ್ರ ಅದರಾಗ ಏನೋ ಇರಬೇಕಲ್ಲ? ನಾನು ತಿಳೀದಾಕಿ, ಹಾಕದಿದ್ರ ನಾಳೆ ನನ್ನ ಮಗಳು ನನ್ನನ್ನ ಅಂತಾಳ."

ಸುಷಮಾ ಜ್ವರಕ್ಕೆ ಗುಳಿಗೆ ತಗೊಂಡೆಯಾ ಎಂದು ಕೇಳಿ, ಚೀಲದಲ್ಲಿದ್ದ ಎರಡು ಗುಳಿಗೆ ಕೊಟ್ಟು ಎದ್ದಳು. ಬೇವಿನ ಕಟ್ಟೆಯ ಹತ್ತಿರ ದಸ್ತಗಿರಿ "ಏನಾತು?" ಎಂದರು. "ಇಲ್ಲ ಸರ್" ಎಂದಳು. ಎಮ್ಮಿಗನೂರಿನಲ್ಲಿ ಬಸ್ಸಿಗೆ ಕಾಯುತ್ತ ಒಂದೊಂದು ಲೋಟ ಮಜ್ಜಿಗೆ ಕುಡಿದರು. ಅಲ್ಲಿಯ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೂ ಹಾರಿಕಾ ಇದ್ದಳು. ದಸ್ತಗಿರಿ ಅದಕ್ಕೆ ಬೆನ್ನು ಮಾಡಿ ನಿಂತರು.

ಆ ವಾರ ಮನೆಯಲ್ಲೂ ಇದೇ ಮಾತು. ವಾಸುದೇವ ಒಂದು ಅರ್ಜಿ ತಂದಿದ್ದ. ಕರ್ನೂಲಿನ ಮೇಧಾಂಕುರದ ಶಾಖೆಯಲ್ಲಿ ಲಾಂಗ್ ಟರ್ಮ್ ಕೋಚಿಂಗ್. ಒಂದು ವರ್ಷ ಅಲ್ಲೇ ಇದ್ದು ಮತ್ತೆ ನೀಟ್ ಬರೆಯುವುದು. ಬೆಳಗಿನ ತಿಂಡಿಯ ಹೊತ್ತಿಗೆ ಅರ್ಜಿಯನ್ನು ಮಗಳ ಮುಂದೆ ಇಟ್ಟ.

"ನನಗ ಬ್ಯಾಡ ಅಪ್ಪ. ಇಲ್ಲೇ ಡಿಗ್ರಿ ಕಾಲೇಜಿನಾಗ ಬಿ.ಎಸ್ಸಿ. ಮಾಡ್ತೀನಿ" ಎಂದಳು ಹರಿಪ್ರಿಯಾ.

"ಇಲ್ಲೇ ಅಂದ್ರ? ಆದೋನಿಯಾಗ? ಅಲ್ಲಿ ಯಾರು ಹೋಗ್ತಾರ ಈಗ?"

"ಅಮ್ಮ ಹೋಗಿದ್ಲಲ್ಲ."

"ಹೋಗಿ ಏನಾತು? ಹದಿನೇಳು ವರ್ಷ ಗೆಸ್ಟೇ ಆದ್ಲು." ಅಂದ ಮೇಲೆ ವಾಸುದೇವನಿಗೆ ತಾನಂದದ್ದು ಕೇಳಿಸಿತು. ಅವನು ಕೆಟ್ಟವನಲ್ಲ. ಹೆಂಡತಿಯ ಕಡೆ ನೋಡಲಾಗದೆ ಚಟ್ನಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. "ನಾನು ನಿನ್ನ ಒಳ್ಳೇದಕ್ಕ ಹೇಳೂದಮ್ಮ. ಅಲ್ಲಿ ಒಳ್ಳೇ ಸ್ಟಾಫ್ ಅದ."

"ಸ್ಟಾಫು" ಎಂದು ಹರಿಪ್ರಿಯಾ ತಟ್ಟೆ ಬದಿಗೆ ಸರಿಸಿದಳು. "ಅಪ್ಪ, ಸಿ ಬ್ಯಾಚಿನಾಗ ನನಗ ಫಿಸಿಕ್ಸ್ ಹೇಳಿದವರು ಸುಂಕೇಶ ಸರ್. ಅಮ್ಮನ ಹಳೇ ಸ್ಟೂಡೆಂಟು. ಕ್ಲಾಸಿಗೆ ತರ್ತಿದ್ದದ್ದೂ ಅಮ್ಮನ ನೋಟ್ಸೇ. ನಮ್ಮ ಮೇಡಂ ಹಿಂಗ ಹೇಳ್ತಿದ್ರು ಅಂತ ಮೊದಲನೇ ದಿನಾನೇ ಹೇಳಿದ್ರು. ನಾನು ಯಾರ ಮಗಳು ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ."

ಸುಷಮಾ ಒಲೆಯ ಹತ್ತಿರ ನಿಂತಿದ್ದಳು. ಸುಂಕೇಶ ಅವಳಿಗೆ ನೆನಪಿದ್ದ. ಲೆನ್ಸಿನ ಚಿತ್ರ ಬರೆಯುವಾಗ ಸ್ಕೇಲು ಮರೆತು ಬಸ್ ಪಾಸಿನ ಅಂಚಿನಿಂದ ಗೆರೆ ಎಳೆಯುತ್ತಿದ್ದ ಹುಡುಗ.

"ಇಷ್ಟು ದಿನ ಯಾಕ ಹೇಳಲಿಲ್ಲ ನೀನು?" ಎಂದಳು.

"ಹೇಳಿದ್ರ ನಿನಗ ಬ್ಯಾಸರ ಆಗ್ತಿತ್ತು ಅಮ್ಮ. ಅಪ್ಪಗೂ ಆಗ್ತಿತ್ತು. ನೀವಿಬ್ಬರೂ ಅಷ್ಟು ಆಸೆಯಿಂದ ಹಾಕಿದ್ರಿ." ಹರಿಪ್ರಿಯಾಳ ದನಿಯಲ್ಲಿ ಆಪಾದನೆ ಇರಲಿಲ್ಲ. "ಸುಂಕೇಶ ಸರ್ ಚೊಲೋ ಹೇಳ್ತಿದ್ರು. ನನಗೇ ಹತ್ತಲಿಲ್ಲ. ಬೆಳಿಗ್ಗಿಂದ ಸಂಜೀತನ ಕೂತು ಕೂತು ನನಗ ಏನೂ ಕೇಳಿಸ್ತಿರಲಿಲ್ಲ. ಮತ್ತೊಂದು ವರ್ಷ ಹಂಗ ಕೂಡ್ಲಿಕ್ಕೆ ನನ್ನ ಕೈಲಿ ಆಗೂದಿಲ್ಲ."

ವಾಸುದೇವ ಮತ್ತೇನೋ ಹೇಳಲು ಬಾಯಿ ತೆರೆದ.

"ಸಾಕು ಬಿಡ್ರಿ" ಎಂದಳು ಸುಷಮಾ. ಅವಳು ದನಿ ಏರಿಸಿರಲಿಲ್ಲ. ಗಂಡನಿಗೆ ಹಾಗೆ ಅಂದದ್ದು ಎಷ್ಟು ವರ್ಷಗಳ ಮೇಲೋ. ಮೇಜಿನ ಮೇಲಿನ ಅರ್ಜಿಯನ್ನು ತೆಗೆದು, ಮಡಿಸಿ, ಅವನ ಅಂಗಿಯ ಜೇಬಿನಲ್ಲಿ ತಾನೇ ಇಟ್ಟಳು. "ಮಂದಿ ಕೇಳಿದ್ರ ಆದೋನಿಯಾಗ ಓದ್ತಾಳ ಅಂತ ಹೇಳ್ರಿ. ಒಂದು ಸಲ ಕೇಳ್ತಾರ, ಎರಡು ಸಲ ಕೇಳ್ತಾರ. ಆಮ್ಯಾಲ ಅವರಿಗೂ ಬ್ಯಾಸರ ಆಗ್ತದ."

ಮಂದಿ ಕೇಳಿದರು. ಎರಡು ಸಲಕ್ಕಿಂತ ಹೆಚ್ಚೇ ಕೇಳಿದರು. ಮಂತ್ರಾಲಯದಲ್ಲಿ ನಡೆದ ಒಂದು ಉಪನಯನದಲ್ಲಿ ವಾಸುದೇವನ ದೊಡ್ಡಪ್ಪನ ಸೊಸೆ, "ಅಯ್ಯೋ, ಅಷ್ಟು ಒಳ್ಳೇ ಕಾಲೇಜಿನಾಗ ಓದಿಸಿ ಈಗ ಅಲ್ಲಿಗೇನು?" ಎಂದು ಎಲೆಯ ಮುಂದೆಯೇ ಅಂದರು. ಪಲ್ಯ ಬಡಿಸುತ್ತಿದ್ದವರು ಎರಡನೇ ಸಲ ಬಂದಾಗ ವಾಸುದೇವ ಬೇಡವೆಂದ. ಸುಷಮಾ ಹಾಕಿಸಿಕೊಂಡಳು. ಹಸಿವಾಗಿತ್ತು.

ಕಾಲೇಜಿನ ಸಂಗತಿಯೂ ಹೆಚ್ಚುಕಡಿಮೆ ಅಂದುಕೊಂಡಂತೆಯೇ ಆಯಿತು. ಜೀವಶಾಸ್ತ್ರ ವಿಭಾಗಕ್ಕೆ ಕೊನೆಗೆ ಇಪ್ಪತ್ತಮೂರು ಮಕ್ಕಳು ಬಂದರು. ವೀರಬಸಮ್ಮನ ಮಗಳು ಬರಲಿಲ್ಲ. ಸುಷಮಾ ಪೂರ್ತಿ ಹೊರಗೆ ಬೀಳಲಿಲ್ಲ. ವಾರಕ್ಕೆ ಮೂರು ದಿನ ಆದೋನಿಯಲ್ಲಿ, ಮೂರು ದಿನ ಎಮ್ಮಿಗನೂರಿನ ಇನ್ನೊಂದು ಕಾಲೇಜಿನಲ್ಲಿ ಎಂದು ಹಂಚಿದರು. ದಸ್ತಗಿರಿ ಆದೇಶದ ಕಾಗದ ಕೊಡುವಾಗ ಏನೋ ಹೇಳಲು ಹೋಗಿ, "ಬಸ್ಸು ಅರ್ಧ ತಾಸಿಗೊಂದು ಅದಾವ" ಎಂದಷ್ಟೇ ಹೇಳಿದರು. ಹಾರಿಕಾ ಮೆಡಿಕಲ್ ಕಾಲೇಜು ಸೇರಿದ ದಿನ ಫೋನು ಮಾಡಿದಳು. ಸೀನಿಯರುಗಳು ಎಲ್ಲರ ಇಂಟರ್ ಕಾಲೇಜು ಕೇಳುತ್ತಿದ್ದಾರೆ, ಏನು ಹೇಳಲಿ ಮೇಡಂ ಎಂದಳು. "ಬಾಯಿಗೆ ಬಂದದ್ದು ಹೇಳು" ಎಂದಳು ಸುಷಮಾ. "ನಿಮ್ಮ ಹೆಸರು ಬರ್ತೈತ್ರಿ ಬಾಯಿಗೆ" ಎಂದಳು ಹಾರಿಕಾ. ಸುಷಮಾ ಹಾಸ್ಟೆಲಿನ ಊಟ ಹೇಗಿದೆ ಎಂದು ವಿಚಾರಿಸಿದಳು.

ಡಿಗ್ರಿ ಕಾಲೇಜಿನಲ್ಲಿ ಸರ್ಟಿಫಿಕೇಟು ತೋರಿಸುವ ದಿನ ಅವಳೇ ಮಗಳ ಜೊತೆ ಹೋದಳು. ಅಂದು ಎಮ್ಮಿಗನೂರಿನ ಪಾಳಿ. ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. ಕಿಟಕಿಯ ಮುಂದಿನ ಸಾಲು ನಿಧಾನವಾಗಿ ಸರಿಯಿತು. ಗುಮಾಸ್ತ ಹರಿಪ್ರಿಯಾಳ ಕಾಗದಗಳನ್ನು ತಿರುವಿ, ಮೇಧಾಂಕುರದ ಮುದ್ರೆ ಕಂಡು ತಲೆ ಎತ್ತಿದ.

"ಅಲ್ಲಿ ಓದಿ ಇಲ್ಲಿಗೆ ಬಂದ್ರೇನಮ್ಮ?"

"ಹೌದ್ರಿ. ಸೈನ್ ಎಲ್ಲಿ ಮಾಡ್ಲಿ?" ಎಂದಳು ಹರಿಪ್ರಿಯಾ.

ಗುಮಾಸ್ತ ಬೆರಳಿಟ್ಟು ತೋರಿಸಿದ. ಅವಳು ಸಹಿ ಹಾಕಿದಳು. ತರಗತಿಗಳು ಸೋಮವಾರದಿಂದ ಎಂದು ಒಂದು ಚೀಟಿ ಕೊಟ್ಟರು. ಹೊರಗೆ ಬಂದಾಗ ಸುಷಮಾ ಗಡಿಯಾರ ನೋಡಿಕೊಂಡಳು.

"ನೀ ಹೋಗಮ್ಮ, ಬಸ್ಸು ತಪ್ತದ. ನಾನು ಲೈಬ್ರರಿ ಎಲ್ಲದ ನೋಡಿ, ಆಮ್ಯಾಲ ಮನಿಗೆ ಹೋಗ್ತೀನಿ" ಎಂದಳು ಮಗಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಷಮಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಪಾಠ ಯಾವುದೆಂದು ನೆನೆಯಲು ನೋಡಿದಳು. ಊರು ದಾಟುವ ಮೊದಲೇ ನಿದ್ದೆ ಹತ್ತಿತು. ಎಮ್ಮಿಗನೂರಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರು ಬಂದು ಸೀಟಿನ ಕಂಬಿಯನ್ನು ತಟ್ಟಿ ಎಬ್ಬಿಸಿದ.